ಬಳ್ಳಿ ಹಬ್ಬೇತಿ, ಹೂವ ಯಾಕ ಬಿಡವಲ್ದು?

ಕೊಪ್ಪಳದ ಹೊರಗೆ ನನ್ನದು ಹದಿನೈದು ಗುಂಟೆ ಮಸಾರಿ (ಕೆಂಪು ಮಣ್ಣಿನ) ನೆಲ. ಪ್ರತಿ ವರ್ಷ ನಾಲ್ಕಾರು ಕುಂಬಳಕಾಯಿ ಬೀಜಕ್ಕೆಂದೇ ಬಿಟ್ಟು, ಒಣಗಿಸಿ, ಬೂದಿ ಹಚ್ಚಿ, ಕೇಳಿದವರಿಗೆ ಕಾಗದದ ಪೊಟ್ಟಣ ಕಟ್ಟಿ ಕೊಡುತ್ತೇನೆ. ಒಯ್ದವರು ಒಂದೂವರೆ ತಿಂಗಳಿಗೆ ಫೋನ್ ಮಾಡುವುದು ಖಾತ್ರಿ. ಪ್ರಶ್ನೆ ಒಂದೇ: "ಬಳ್ಳಿ ಮಾಳಿಗಿ ತುಂಬ ಹಬ್ಬೇತ್ರಿ, ಹೂವ ಯಾಕ ಬಿಡವಲ್ದು?" ಬಜಾರದಲ್ಲಿ ಸಿಕ್ಕರೂ ಇದೇ, ಮದುವೆ ಊಟದ ಪಂಕ್ತಿಯಲ್ಲೂ ಇದೇ. ಒಮ್ಮೆ ಬರೆದಿಟ್ಟುಬಿಡೋಣ ಅನಿಸಿತು.

ನಾನು ಮರಳಿ ಕೇಳುವುದು, ಬೀಜ ಊರಿದ್ದು ಯಾವತ್ತು? ಯಾರಿಗೂ ನೆನಪಿರುವುದಿಲ್ಲ. "ಎಲ್ಡ್ ತಿಂಗಳಾತ್ರಿ" ಅನ್ನುತ್ತಾರೆ. ಅಮಾವಾಸ್ಯೆ, ಹುಣ್ಣಿಮೆ ಹಿಡಿದು ಹಿಂದಕ್ಕೆ ಎಣಿಸಿದರೆ ಮೂವತ್ತೆಂಟು ದಿನ. ನಮ್ಮ ನಾಟಿ ಸಿಹಿಗುಂಬಳ ಹೂವಿಗೆ ಬರಲು 40–50 ದಿನ ಬೇಕು. ಬಂದರೂ ಮೊದಲು ಬರುವವು ಗಂಡು ಹೂವೇ. ಹೆಣ್ಣು ಹೂವು ಕಾಣಲು ಅಲ್ಲಿಂದ ಇನ್ನೊಂದು ವಾರ, ಹತ್ತು ದಿನ. ಬಿಸಿಲು ಜೋರಿದ್ದರೆ ಇನ್ನೂ ತಡ. ಹಾಗಾಗಿ ಈಗ ಪೊಟ್ಟಣದ ಮೇಲೆಯೇ ಬರೆದು ಕೊಡುತ್ತೇನೆ: ಊರಿದ ತಾರೀಖು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅರವತ್ತು ದಿನದವರೆಗೆ ನನಗೆ ಫೋನ್ ಮಾಡಬೇಡಿ.

"ಹೂವ ಬರ್ತಾವು, ಉದುರಿ ಹೋಗ್ತಾವು" ಅನ್ನುವವರು ಇನ್ನೊಂದು ಗುಂಪು. ಅವರ ಬಳ್ಳಿಗೆ ಏನೂ ಆಗಿಲ್ಲ. ಹೂವಿನ ಕೆಳಗೆ ನೋಡಿ. ಉದ್ದನೆಯ ಸಣಕಲು ತೊಟ್ಟಿನ ಮೇಲೆ ಹೂವು ನಿಂತಿದ್ದರೆ ಅದು ಗಂಡು, ಒಂದು ಬೆಳಗು ಅರಳಿ ಉದುರುವುದೇ ಅದರ ಕೆಲಸ. ಹೆಣ್ಣು ಹೂವಿಗೆ ಮೋಟು ತೊಟ್ಟು, ಅದರ ಬುಡದಲ್ಲಿ ಗೋಲಿಯಷ್ಟು ಹೀಚು ಅರಳುವ ಮೊದಲೇ ಇರುತ್ತದೆ. ಉದುರುವ ಗಂಡು ಹೂವುಗಳನ್ನು ಬೇಕಾದರೆ ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಮಾಡಿ ತಿನ್ನಿ, ನಾಲ್ಕೈದು ಮಾತ್ರ ಬಳ್ಳಿಯಲ್ಲಿ ಉಳಿಸಿ.

ಇನ್ನು ನಿಜವಾಗಿಯೂ ತಡವಾಗುವ ಬಳ್ಳಿಗಳ ಮಾತು. "ಯೂರಿಯಾ ಹಾಕಿದ್ರೇನು?" ಎಂದು ಕೇಳಿದರೆ, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಂಡವನಂತೆ ಆಚೆ ಕಡೆಯವರು ಸುಮ್ಮನಾಗುತ್ತಾರೆ. (ಆ ಗಾದೆಯ ಕಾಯಿ ನಮ್ಮ ಸಿಹಿಗುಂಬಳ ಅಲ್ಲ, ಬೂದುಗುಂಬಳ, ಹೆಗಲಿಗೆ ಹತ್ತುವುದು ಅದರ ಬಿಳಿ ಬೂದಿ. ಸಿಹಿಗುಂಬಳ ಅಮೆರಿಕ ಖಂಡದಿಂದ ಬಂದ ಬೆಳೆ, ಇಲ್ಲಿಯ ಹೆಸರನ್ನು ಆಮೇಲೆ ಪಡೆದುಕೊಂಡಿದೆ.) ನಾನೂ ಆ ಕಳ್ಳರಲ್ಲೊಬ್ಬ. ಗಂಗಾವತಿ ಕಡೆಯ ನೆಂಟರಲ್ಲಿ ಭತ್ತಕ್ಕೆ ತಂದು ಉಳಿದಿದ್ದ ಅರ್ಧ ಚೀಲ ಯೂರಿಯಾ ಒಮ್ಮೆ ನಮ್ಮ ಮನೆಗೆ ಬಂತು. ಇದ್ದದ್ದು ಸುಮ್ಮನೆ ಯಾಕೆ ಎಂದು ಪ್ರತಿ ಗುಣಿಗೆ ಒಂದೊಂದು ಹಿಡಿ ಹಾಕಿ ನೀರು ಬಿಟ್ಟೆ. ಎರಡೇ ವಾರಕ್ಕೆ ಎಲೆಗಳು ಮೊರದಷ್ಟಾದವು, ಕಡುಹಸಿರು, ದಂಟು ಹೆಬ್ಬೆರಳಿನಷ್ಟು ದಪ್ಪ. ಹೊಲದ ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಎಪ್ಪತ್ತು ದಿನವಾದರೂ ಹೆಣ್ಣು ಹೂವು ಒಂದೂ ಇಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಷ್ಟು ಸಾರಜನಕ ಒಮ್ಮೆಲೇ ಬುಡಕ್ಕೆ ಸಿಕ್ಕರೆ ಬಳ್ಳಿ ಎಲೆಯ ಮೇಲೆ ಎಲೆ ಕಟ್ಟುತ್ತ ಹೋಗುತ್ತದೆ.

ಇಲ್ಲಿ ಜಾಣರು ತಿರುಗಿ ಕೇಳುತ್ತಾರೆ: ಹಂಗಾದ್ರ ನಮ್ಮಜ್ಜಿ ತಿಪ್ಪಿ ಮ್ಯಾಗ ಹಾಕಿದ ಬಳ್ಳಿಗೆ ಅಷ್ಟು ಕಾಯಿ ಹೆಂಗ ಹಿಡೀತಿದ್ದವು? ಒಳ್ಳೆಯ ಪ್ರಶ್ನೆ. ತಿಪ್ಪೆಗೊಬ್ಬರ ಕೊಳೆತು ಕೊಳೆತು ಸಾವಕಾಶವಾಗಿ ಊಟ ಬಡಿಸುತ್ತದೆ, ಅದರಲ್ಲಿ ರಂಜಕ, ಪೊಟ್ಯಾಷ್ ಕೂಡ ಇರುತ್ತದೆ. ಆದರೆ ಅಜ್ಜಿಯ ಜಾಣತನ ತಿಪ್ಪೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಮಿರಗದ ಮಳೆಯಲ್ಲಿತ್ತು ಅಂತ ನನ್ನ ಲೆಕ್ಕ. ಜೂನ್ ಎರಡನೇ ವಾರ ಊರಿದ ಬೀಜ ಹೂವಿಗೆ ಬರುವುದು ಜುಲೈ ಕೊನೆ, ಆಗಸ್ಟಿನಲ್ಲಿ. ಆಗ ಮೋಡ ಕವಿದು ಬಿಸಿಲು ಇಳಿದಿರುತ್ತದೆ, ಹಗಲೂ ಗಿಡ್ಡವಾಗತೊಡಗಿರುತ್ತದೆ. ಕುಂಬಳದ ಜಾತಿಗೆ ಉರಿಬಿಸಿಲು, ಉದ್ದ ಹಗಲು ಕೂಡಿದರೆ ಗಂಡು ಹೂವೇ ಹೆಚ್ಚು. ತಂಪು, ಗಿಡ್ಡ ಹಗಲು ಇದ್ದರೆ ಹೆಣ್ಣು ಹೂವು ಬೇಗ. ನಮ್ಮಲ್ಲಿ ಜೂನಿನ ಹಗಲು ಸುಮಾರು 13 ಗಂಟೆ, ಡಿಸೆಂಬರಿನದು 11 ಗಂಟೆಯ ಮೇಲೆ ಸ್ವಲ್ಪ. ಈಗಿನವರು ನಳದ ನೀರಿದೆ ಎಂದು ಫೆಬ್ರವರಿ ಕೊನೆಗೆ ಊರುತ್ತಾರೆ. ಬಳ್ಳಿ ಹೂವಿಗೆ ಬರುವ ಹೊತ್ತಿಗೆ ಏಪ್ರಿಲ್, 40 ಡಿಗ್ರಿ. ಹೆಣ್ಣು ಮೊಗ್ಗು ಬಂದರೂ ಸಾಸಿವೆಯಷ್ಟಿರುವಾಗಲೇ ಒಣಗುತ್ತದೆ. ಆ ಬಳ್ಳಿಗೆ ನಾನು ಹೇಳುವ ಮದ್ದು ಏನೂ ಇಲ್ಲ. ಮಧ್ಯಾಹ್ನ ನೆರಳು ಮಾಡಿ, ಬುಡಕ್ಕೆ ಸೊಪ್ಪೆ ಹಾಸಿ ಮಳೆಗಾಲದವರೆಗೆ ಜೀವ ಹಿಡಿಸಿ, ಅಷ್ಟೇ.

ಯೂರಿಯಾ ತಿಂದು ಸೊಕ್ಕಿದ ಬಳ್ಳಿಗೆ ಮಾತ್ರ ಉಪಾಯವಿದೆ. ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ, ಮುಖ್ಯ ಬಳ್ಳಿಯ ಕುಡಿ ಚಿವುಟಿ. ಪಕ್ಕದ ಟಿಸಿಲು ಒಡೆಯುತ್ತವೆ, ಹೆಣ್ಣು ಹೂವು ಹೆಚ್ಚಾಗಿ ಬರುವುದು ಆ ಟಿಸಿಲುಗಳಲ್ಲೇ. ಚಿವುಟಿದ ಕುಡಿ ಬೇಳೆ ಹಾಕಿ ಪಲ್ಯ ಮಾಡಿದರೆ ರೊಟ್ಟಿಗೆ ಬಲು ರುಚಿ. ಮಸಾರಿಯವರು ಬುಡಕ್ಕೊಂದು ಹಿಡಿ ಒಲೆಬೂದಿ ಹಾಕಬಹುದು. ಎರೆ (ಕಪ್ಪು ಮಣ್ಣಿನ) ಹೊಲದವರು ಬೇಡ, ಆ ಮಣ್ಣು ಮೊದಲೇ ಕ್ಷಾರ. ಅಂಗಡಿಯವರು ಹೆಣ್ಣು ಹೂವು ಹೆಚ್ಚಿಸುವ ಎಥ್ರೆಲ್ ಹೊಡೆಯಿರಿ ಅನ್ನುತ್ತಾರೆ. ಅದು ಸಸಿಗೆ ಎರಡೆಲೆ, ನಾಲ್ಕೆಲೆ ಇದ್ದಾಗ ತೀರಾ ತೆಳುವಾಗಿ ಹೊಡೆಯುವ ಔಷಧಿ, ಮಾಳಿಗೆ ಹತ್ತಿದ ಬಳ್ಳಿಗಲ್ಲ.

ಬೆಂಗಳೂರಿನಿಂದ ರಜೆಗೆ ಬಂದ ಹುಡುಗರು ಆನ್‌ಲೈನಿನಲ್ಲಿ ತರಿಸಿದ ಸ್ಕ್ವಾಷ್ ಬೀಜ ತೋರಿಸುತ್ತಾರೆ. ಬಟರ್‌ನಟ್ ಆದರೆ ಹೆದರಬೇಡಿ, ಅದು ನಮ್ಮ ಸಿಹಿಗುಂಬಳದ ಜಾತಿಯೇ. ಜುಕಿನಿ ಬೇರೆ ಜಾತಿ, ಪೊದೆಯಾಗಿ ಬೆಳೆಯುತ್ತದೆ, ನಮ್ಮ ಬೇಸಿಗೆ ತಡೆಯದು. ದೀಪಾವಳಿ ಹೊತ್ತಿಗೆ ಊರಿ.

ಕಳೆದ ವರ್ಷ ನಮ್ಮ ಓಣಿಯ ಹಿರಿಯಾಕೆಯೊಬ್ಬರು ಐವತ್ತೆರಡನೇ ದಿನಕ್ಕೆ ಬಳ್ಳಿ ಕಿತ್ತೇ ಬಿಡುತ್ತೇನೆ ಎಂದು ಕೂತರು. ಏಣಿ ಹಾಕಿ ಮಾಳಿಗೆ ಹತ್ತಿದೆ. ಗಂಡು ಹೂವು ಹತ್ತಿಪ್ಪತ್ತು ಇದ್ದವು. ಎಲೆ ಸರಿಸುತ್ತ ಹೋದರೆ, ಕುಂಬಿಯ ಬದಿಯ ಟಿಸಿಲಿನಲ್ಲಿ, ಎಲೆಯ ಅಡಿಗೆ, ಹೀಚು ಹೊತ್ತ ಒಂದು ಮೊಗ್ಗು. ತುದಿಯಲ್ಲಿ ಹಳದಿ ಇಣುಕಿತ್ತು, ಅಂದರೆ ನಾಳೆ ಅರಳುತ್ತದೆ. "ಅಲ್ನೋಡ್ರಿ" ಎಂದು ಬೆರಳು ಚಾಚಿದೆ. ಫಟ್ ಎಂದು ಕೈ ಮೇಲೊಂದು ಏಟು ಬಿತ್ತು. "ಹೀಚಿಗೆ ಬೆರಳ ತೋರಿಸ್ತಾರೇನ್ರಿ? ಕೊಳತ ಹೊಕ್ಕೈತಿ!" ಕೊಳೆಯುವುದು ಪರಾಗ ಮುಟ್ಟದ್ದಕ್ಕೆ, ಬೆರಳಿಗಲ್ಲ ಎಂದು ಹೇಳಬಹುದಿತ್ತು. ಬೆರಳು ಮಡಚಿಕೊಂಡೆ.

ಮರುದಿನ ಆರೂವರೆಗೆ ಮತ್ತೆ ಹತ್ತಿದೆ. ಈ ಹೂವು ನಸುಕಿನಲ್ಲಿ ಅರಳಿ ಹತ್ತು ಗಂಟೆಯೊಳಗೆ ಮುದುಡುತ್ತದೆ, ಎರಡನೇ ದಿನ ಇಲ್ಲ. ಓಣಿಯಲ್ಲಿ ಜೇನು ಕಡಿಮೆ, ಸುತ್ತಲಿನ ಮೆಣಸಿನಕಾಯಿ ಹೊಲಗಳಿಗೆ ಬೆಳಿಗ್ಗೆಯೇ ಔಷಧಿ ಹೊಡೆಯುತ್ತಾರೆ. ಒಂದು ಗಂಡು ಹೂವು ಕಿತ್ತು, ಎಸಳು ಹರಿದು, ಒಳಗಿನ ದಿಂಡನ್ನು ಹೆಣ್ಣು ಹೂವಿನ ನಡುವಿನ ಜಿಗುಟು ಗಂಟಿಗೆ ಸುತ್ತ ತಿರುಗಿಸಿ ಒರೆಸಿದೆ. ಅರಿಶಿನದಂಥ ಪುಡಿ ಅಲ್ಲಿಯೂ ಹತ್ತಿತು, ನನ್ನ ಅಂಗಿಯ ತೋಳಿಗೂ ಹತ್ತಿತು. ಹಿರಿಯಾಕೆ ಕೆಳಗಿನಿಂದಲೇ ಕೇಳುತ್ತಿದ್ದರು: "ಬೆರಳ ತೋರ್ಸಿಲ್ಲ ಹೌದಿಲ್ಲ?"

ಐದನೇ ದಿನಕ್ಕೆ ಹೀಚು ನಿಂಬೆಹಣ್ಣಿನಷ್ಟಾಗಿ ತಲೆ ಬಾಗಿಸಿತ್ತು. ದಸರೆಗೆ ಅವರ ಮನೆಯಿಂದ ಒಂದು ಡಬ್ಬಿ ಕುಂಬಳಕಾಯಿ ಗಾರಿಗೆ ಬಂತು, ಜೊತೆಗೆ ಮುಂದಿನ ವರ್ಷದ ಬೀಜಕ್ಕೆ ನನ್ನದೇ ಪೊಟ್ಟಣ ಖಾಲಿಯಾಗಿ ವಾಪಸ್.