ಪೆನ್ಸಿಲ್ ಗೆರೆ

ಮಾರ್ಚ್ 12, 2025, ಬುಧವಾರ
ರಾತ್ರಿ 11.40

ನಾಳೆ ನನ್ ಸರದಿ. ನಾವು ಆರು ಜನ ಸೇರಿ ಓದೋದು ಶುರು ಮಾಡಿದಾಗಿಂದ ಒಂದು ರೂಲ್ ಇದೆ, ತಿಂಗಳಿಗೊಬ್ರು ಯಾರೂ ಓದಿರದ ಲೇಖಕರನ್ನ ಹುಡುಕಿ ತಂದು ಪರಿಚಯ ಮಾಡಿಸ್ಬೇಕು. ಹೆಸರಿರೋರನ್ನ ತಂದ್ರೆ ಎಲ್ರೂ ನಗ್ತಾರೆ. ಅದಕ್ಕೇ ಸಂಜೆಯಿಂದ ಹಳೇ ಸಣ್ಣ ಪತ್ರಿಕೆಗಳ ರಾಶಿ ಹರವ್ಕೊಂಡು ಕೂತಿದೀನಿ, ಧೂಳಿಗೆ ಮೂಗು ಕಟ್ಟಿ ನಾಲ್ಕು ಸಲ ಸೀನಿದ್ದೂ ಆಯ್ತು.

2018ರ ಒಂದು ಸಂಚಿಕೇಲಿ ಒಂದು ಕತೆ ಸಿಕ್ತು. ಅಣ್ಣ ತಮ್ಮ ಮನೆ ಪಾಲು ಮಾಡ್ಕೊಳೋದು, ಅಷ್ಟೇ ವಿಷ್ಯ, ಅಂಥದ್ದು ಸಾವಿರ ಓದಿದೀವಿ ಬಿಡಿ. ಆದ್ರೆ ಇದ್ರಲ್ಲಿ ಅಳತೆ ಟೇಪಿನ ಸ್ಪ್ರಿಂಗ್ ಹೋಗಿದೆ. ತಮ್ಮ ಸೊನ್ನೆ ತುದಿ ಹಿಡ್ಕೊಂಡು ಗೋಡೆ ಹತ್ರ ಕುಕ್ಕರಗಾಲಲ್ಲಿ ಕೂತಿರ್ತಾನೆ, ಅಣ್ಣ ಆ ಕಡೆಯಿಂದ ಅಳತೆ ಹೇಳ್ತಾನೆ, ಪ್ರತಿ ಸಲಾನೂ ಟೇಪನ್ನ ಕೈಯಲ್ಲೇ ಒಳಗೆ ತಳ್ಬೇಕು, ಹಾಗೆ ತಳ್ತಾ ತಳ್ತಾ ಇಬ್ರೂ ಹತ್ರ ಹತ್ರ ಬಂದ್ಬಿಡ್ತಾರೆ, ಮಾತಿಲ್ಲ. ಕೊನೇಲಿ ಟೇಪು ಹಾಗೇ ಹಜಾರದಲ್ಲಿ ಅಡ್ಡಡ್ಡ ಬಿದ್ದಿರತ್ತೆ, ಅವ್ರಮ್ಮ ಅದನ್ನ ದಾಟಿ ಒಳಗೆ ಹೋಗ್ತಾಳೆ. ನಾಲ್ಕೇ ಪುಟ.

ಓದಿ ಮುಗಿಸಿ ನೋಡಿದ್ರೆ ಅಮ್ಮ ದಾಟೋ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇದೆ. ನಂದೇ. ಅಂದ್ರೆ ಏಳು ವರ್ಷದ ಹಿಂದೇನೇ ಓದಿದೀನಿ, ಮೆಚ್ಚಿ ಗೆರೆನೂ ಎಳ್ದಿದೀನಿ, ಒಬ್ರಿಗೂ ಹೇಳಿಲ್ಲ! ಸಂಪಾದಕರು ಗಮನಿಸ್ಲಿಲ್ಲ, ವಿಮರ್ಶಕರು ಕಣ್ಣೆತ್ತಿ ನೋಡ್ಲಿಲ್ಲ ಅಂತೆಲ್ಲ ಭಾಷಣ ಬಿಗೀತೀನಲ್ಲ, ಅದ್ರಲ್ಲಿ ನನ್ ಪಾಲೂ ಇದೆ ಅಂತಾಯ್ತು.

ಇಂಗ್ಲಿಷ್ ಕಾದಂಬರಿಗಾರ್ತಿ ಬಾರ್ಬರಾ ಪಿಮ್ ನೆನಪಾದ್ರು. 1961ರವರೆಗೆ ಆರು ಕಾದಂಬರಿ ಬಂದಿದ್ವು, 63ರಲ್ಲಿ ಪ್ರಕಾಶಕರು ಏಳನೇದು ಬೇಡ ಅಂದ್ರು, ಆಮೇಲೆ ಎಲ್ಲಿ ಕಳಿಸಿದ್ರೂ ವಾಪಸ್. 1977ರ ಜನವರೀಲಿ ಲಂಡನ್ನಿನ ಸಾಹಿತ್ಯ ಪತ್ರಿಕೆ ಟೈಮ್ಸ್ ಲಿಟರರಿ ಸಪ್ಲಿಮೆಂಟ್‌ನವ್ರು ಸುಮಾರು ಜನರನ್ನ ಕೇಳಿದ್ರು, ಯಾರಿಗೆ ಸಿಗ್ಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಅಂತ. ಕವಿ ಫಿಲಿಪ್ ಲಾರ್ಕಿನ್ನೂ ವಿಮರ್ಶಕ ಡೇವಿಡ್ ಸೆಸಿಲ್ಲೂ ಇಬ್ರೂ ಹೇಳಿದ್ದು ಇವ್ರ ಹೆಸ್ರು. ಅದೇ ವರ್ಷ ಹೊಸ ಕಾದಂಬರಿ ಅಚ್ಚಾಗಿ ಬೂಕರ್ ಪ್ರಶಸ್ತಿಯ ಕೊನೇ ಪಟ್ಟಿಗೂ ಹೋಯ್ತು. ಆಕೆಗೆ ಉಳಿದಿದ್ದು ಮೂರೇ ವರ್ಷ, 1980ರಲ್ಲಿ ತೀರ್ಕೊಂಡ್ರು. ಲಾರ್ಕಿನ್ ಏನ್ ದಿಢೀರಂತ ಹೇಳಿದ್ದಲ್ಲ, 1961ರಿಂದ ಕಾಗದ ಬರೀತಾನೇ ಇದ್ರು, ಮುಖಾಮುಖಿ ಆಗಿದ್ದು 75ರಲ್ಲಿ. ಯಾರೂ ಅಚ್ಚು ಹಾಕದ ಕಾಲದಲ್ಲಿ ಒಬ್ಬ ಓದುಗ ಬಿಡದೇ ಕಾಗದ ಬರೀತಿದ್ದ ಅನ್ನೋದೇ ನಂಗೆ ಬೂಕರ್‌ಗಿಂತ ದೊಡ್ಡದಾಗಿ ಕಾಣತ್ತೆ.

ನಮ್ ಕವಿ ಮುದ್ದಣ ಕೂಡ ನೆನಪಾದ್ರು. ಡ್ರಿಲ್ ಮೇಷ್ಟ್ರು, ತಾನು ಬರೆದಿದ್ದನ್ನ ಯಾವ್ದೋ ಹಳೇ ಕವಿ ಬರೆದಿದ್ದು ಅನ್ನೋ ಹಾಗೆ ಕಳಿಸ್ದವ್ರು, 1901ರಲ್ಲಿ 31 ವರ್ಷಕ್ಕೇ ಹೋಗ್ಬಿಟ್ರು.

ಸರಿ, ನಾಳೆಗೆ ಏನ್ ಹೇಳೋದು ಅಂತ ಬರ್ಕೊಂಡೆ. ಮೊದ್ಲು ಬರೆದಿದ್ದು "ಸೂಕ್ಷ್ಮ ಸಂವೇದನೆಯ ಭರವಸೆಯ ಕತೆಗಾರ್ತಿ". ಥೂ. ಎಲ್ಲಾ ಮುನ್ನುಡೀಲೂ ಇದೇ ಇರತ್ತೆ, ಇದನ್ನ ಕೇಳಿ ಇವತ್ತಿನವರೆಗೂ ಯಾರೂ ಪುಸ್ತಕ ಕೈಗೆತ್ಕೊಂಡಿಲ್ಲ. ಹೊಡೆದು ಹಾಕ್ದೆ. ಬರೀ ಟೇಪಿನ ವಿಷ್ಯ ಹೇಳಿ, ಕೊನೇ ಪುಟ ಜೋರಾಗಿ ಓದಿ, ಸುಮ್ನೆ ಕೂತ್ಕೋತೀನಿ.

ಹುಡುಕಿದ್ರೆ ಈಕೆಯ ಇನ್ನೆರಡು ಕತೆ ಸಿಕ್ತು, ಎರಡೂ 2019ರವು. ಒಂದು ಅಷ್ಟಕ್ಕಷ್ಟೇ. ಆಮೇಲೆ ಏನೂ ಇಲ್ಲ. ಬರೆಯೋದೇ ಬಿಟ್ರೋ, ಬರೆದು ಯಾರಿಗೂ ಕಳಿಸ್ತಿಲ್ವೋ.

ಕತೆ ಕೆಳಗೆ ಇಮೇಲ್ ಇತ್ತು. ನಾಲ್ಕು ಸಾಲು ಬರ್ದೆ, ಗೆರೆ ಎಳೆದ ಆ ಸಾಲಿನ ಫೋಟೋನೂ ಹಾಕ್ದೆ, ತಡವಾಯ್ತು ಕ್ಷಮಿಸಿ ಅಂದೆ. ಎರಡೇ ನಿಮಿಷಕ್ಕೆ ವಾಪಸ್ ಬಂತು, ಆ ವಿಳಾಸ ಈಗಿಲ್ವಂತೆ.

ಪತ್ರಿಕೆ ಹಿಂದುಗಡೆ ಸಂಪಾದಕರ ಲ್ಯಾಂಡ್‌ಲೈನ್ ನಂಬರ್ ಇದೆ. ಬೆಳಿಗ್ಗೆ ಹತ್ತಕ್ಕೆ ಮಾಡಿ ನೋಡ್ಬೇಕು.