ಒಂಬತ್ತೂಕಾಲಿಗೆ ಗಾರ್ಟರ್

ಮಗಳ ಶಾಲೆಯಿಂದ ಬಂದ ಇಮೇಲನ್ನು ಈ ವಾರ ಎಷ್ಟು ಸಲ ಓದಿದೆನೋ ಲೆಕ್ಕ ಇಟ್ಟಿಲ್ಲ. ಪ್ರಾಮ್‌ಗೆ, ಅಂದರೆ ಇಲ್ಲಿನ ಹೈಸ್ಕೂಲಿನವರು ವರ್ಷದ ಕೊನೆಗೆ ಇಡುವ ಡ್ಯಾನ್ಸಿಗೆ, ಬರುವ ಹುಡುಗಿಯರ ಗೌನಿನ ಸೀಳು ಮಂಡಿಯಿಂದ ನಾಲ್ಕು ಇಂಚಿಗಿಂತ ಮೇಲೆ ಹೋಗಬಾರದು. ಹೊಟ್ಟೆ ಕಾಣಬಾರದು. ಬೆನ್ನು ಸೊಂಟದವರೆಗೆ ಬಿಟ್ಟಿರಬಾರದು. ಬಾಗಿಲಲ್ಲೇ ನೋಡುತ್ತೇವೆ, ಸರಿಯಿಲ್ಲದಿದ್ದರೆ ಮನೆಗೆ ವಾಪಸ್. ಇಷ್ಟು ಓದಿ, ಪರವಾಗಿಲ್ವೇ, ನಮ್ಮ ಹೈಸ್ಕೂಲಿನ ಹೆಡ್‌ಮಿಸ್ ಇಲ್ಲೂ ಇದ್ದಾರೆ ಅಂದುಕೊಂಡೆ. ಅದರ ಕೆಳಗೆ ಆ ಸಂಜೆಯ ಕಾರ್ಯಕ್ರಮದ ಪಟ್ಟಿ ಇತ್ತು. 5ಕ್ಕೆ ಗ್ರ್ಯಾಂಡ್ ಮಾರ್ಚ್. 7ಕ್ಕೆ ಊಟ. 9:15ಕ್ಕೆ ಗಾರ್ಟರ್.

ಗಾರ್ಟರ್ ಅಂದರೆ ಲೇಸ್ ಹೊಲಿದ ಇಲಾಸ್ಟಿಕ್ ಪಟ್ಟಿ. ತೊಡೆಗೆ ಹಾಕುವಂಥದ್ದು. ಹುಡುಗಿ ಎಲ್ಲರ ನಡುವೆ ಕುರ್ಚಿ ಮೇಲೆ ಕೂರಬೇಕು. ಜೊತೆಗೆ ಬಂದ ಹುಡುಗ ಮಂಡಿಯೂರಿ, ಗೌನ್ ಸರಿಸಿ, ಅದನ್ನು ಎಳೆದು ತೆಗೆಯಬೇಕು. ಸುತ್ತ ನಿಂತವರು ಕೂಗಬೇಕು. ಅದೇ ಗೌನು. ಅದೇ ನಾಲ್ಕು ಇಂಚು.

ಅಮೆರಿಕದ ಎಲ್ಲ ಶಾಲೆಗಳಲ್ಲೂ ಇದು ಇಲ್ಲ. ಬಾಸ್ಟನ್ ಹತ್ತಿರ ಇರುವ ನನ್ನ ಗೆಳತಿ ಇಂಥದ್ದೊಂದು ಇದೆ ಅಂತಲೇ ಕೇಳಿರಲಿಲ್ಲ. ನಾವಿರುವುದು ಪಿಟ್ಸ್‌ಬರ್ಗ್‌ನಿಂದ ಒಂದು ಗಂಟೆ ದೂರದ ಸಣ್ಣ ಊರು. ಉಕ್ಕಿನ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿದೆ. ಊರಿಗೆ ಅಂತ ಉಳಿದಿರುವುದು ಶುಕ್ರವಾರದ ಫುಟ್‌ಬಾಲ್ ಮತ್ತು ಮೇ ತಿಂಗಳ ಈ ಪ್ರಾಮ್. ಹಾಗಾಗಿ ಅದರಲ್ಲಿ ಒಂದು ಎಳೆ ಕಿತ್ತರೂ ಜನಕ್ಕೆ ಸಂಕಟ. ಅದು ನನಗೂ ಅರ್ಥವಾಗುತ್ತದೆ.

ಆ ಪಟ್ಟಿಯನ್ನು ಮೊದಲು ಕಂಡದ್ದು ಮಾರ್ಚಿನಲ್ಲಿ, ಗೌನ್ ಕೊಳ್ಳಲು ಹೋದ ಅಂಗಡಿಯಲ್ಲಿ. ಬಿಲ್ ಮಾಡಿದಾಕೆ ನೀಲಿ ಬಣ್ಣದ್ದೊಂದನ್ನು ಚೀಲಕ್ಕೆ ಹಾಕಿ ‘ಇದು ನಮ್ಮ ಕಡೆಯಿಂದ’ ಅಂದಳು. ಕೂದಲಿಗೆ ಕಟ್ಟುವುದೇನೋ ಅಂದುಕೊಂಡು ನಾನು ಅಲ್ಲೇ ಮಗಳ ಜಡೆಗೆ ಹಿಡಿದು ನೋಡಿದೆ. ‘ಅಮ್ಮಾ, ಪ್ಲೀಸ್, ಕೆಳಗಿಡು’ ಅಂದಳು. ಕಾರಲ್ಲಿ ಕೂತ ಮೇಲೆ ವಿವರಣೆ ಕೊಟ್ಟಳು. ಉಚಿತ ಅಂತ ನಾನು ಬಿಟ್ಟುಬರಲಿಲ್ಲ. ಅದು ಬೇರೆ ವಿಷಯ.

ಈ ಪಟ್ಟಿಗೂ ಒಂದು ಕಾಲಕ್ಕೆ ನಿಜವಾದ ಕೆಲಸವಿತ್ತು, ಕಾಲುಚೀಲ ಜಾರದಂತೆ ಹಿಡಿಯುವುದು. ಮದುಮಗಳ ಬಟ್ಟೆಯ ಚೂರು ಸಿಕ್ಕರೆ ಅದೃಷ್ಟ ಅಂತ ಯುರೋಪಿನ ಹಳೆಯ ಮದುವೆಗಳಲ್ಲಿ ನೆಂಟರು ಮುಗಿಬೀಳುತ್ತಿದ್ದರಂತೆ. ಗಾರ್ಟರ್ ತೆಗೆಯುವ ಆಟ ಆ ಕಡೆಯಿಂದ ಬಂದದ್ದು. 1959ರಲ್ಲಿ ನಾರ್ತ್ ಕ್ಯಾರೊಲಿನಾದ ಒಂದು ಗಿರಣಿ ಸೊಂಟದವರೆಗೆ ಬರುವ ಕಾಲುಚೀಲ, ಅಂದರೆ ಪ್ಯಾಂಟಿಹೋಸ್, ಹೊಲಿದು ಮಾರುಕಟ್ಟೆಗೆ ಬಿಟ್ಟಿತು. ಆಮೇಲೆ ಗಾರ್ಟರಿಗೆ ಕೆಲಸ ಹೋಯಿತು. ರಿಟೈರಾದ ಮೇಲೂ ದಿನಾ ಆಫೀಸಿಗೆ ಬಂದು ಕೂರುವ ಗುಮಾಸ್ತರ ಹಾಗೆ ಮದುವೆಗಳಲ್ಲಿ ಸುಮ್ನೆ ಉಳಿದುಕೊಂಡಿತು. ಮದುವೆಯಿಂದ ಹದಿನೇಳು ವರ್ಷದ ಮಕ್ಕಳ ಶಾಲೆಗೆ ಯಾರು ಕರೆತಂದರೋ. ಪ್ರಾಮ್ ಅನ್ನುವುದು ಪ್ರೊಮನಾಡ್ ಎಂಬ ಮಾತಿನ ತುಂಡು. ಅಂದರೆ ಬರೀ ನಡೆದಾಡುವುದು.

ಈ ವರ್ಷ ಯಾರೋ ಒಬ್ಬ ತಾಯಿ ದೂರು ಕೊಟ್ಟರು. ಮಂಗಳವಾರ ಸಂಜೆ ಶಾಲೆಯ ಲೈಬ್ರರಿಯಲ್ಲಿ ಪೋಷಕರ ಸಭೆ ಇಟ್ಟರು. ಇವರಿಗೆ ಕೆಲಸ ಮುಗಿದಿರಲಿಲ್ಲ, ನಾನೊಬ್ಬಳೇ ಹೋದೆ. ದಾರಿಯುದ್ದಕ್ಕೂ ಕಾರಿನಲ್ಲಿ ಒಂದು ಮಾತು ಅಭ್ಯಾಸ ಮಾಡಿಕೊಂಡೆ: ಬಾಗಿಲಲ್ಲಿ ಅಳತೆ ಹಿಡಿಯುವವರು ಒಂಬತ್ತೂಕಾಲಿಗೂ ಹಿಡಿಯಿರಿ. ಮೂರು ಸಲ ಹೇಳಿಕೊಂಡೆ. ಚೆನ್ನಾಗಿತ್ತು.

ಸಭೆಯಲ್ಲಿ ಮೊದಲು ಎದ್ದವರು ಒಬ್ಬ ತಂದೆ. ದಪ್ಪ ಆಳು, ಒಳ್ಳೆಯವರೇ. ನಮ್ಮ ಕಾರು ಹಿಮದಲ್ಲಿ ಸಿಕ್ಕಿಕೊಂಡಾಗ ಕೇಳದೆಯೇ ಬಂದು ಎಳೆದುಕೊಟ್ಟವರು. ‘ನಾವೆಲ್ಲ ಮಾಡಿದ್ದೇವೆ, ಯಾರಿಗೆ ಏನಾಯ್ತು?’ ಅಂದರು. ಆಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಭುಜದ ಮೇಲೆ ಕೈಯಿಟ್ಟು, ‘ಇದೇ ಶಾಲೆಯ ಜಿಮ್ಮಿನಲ್ಲಿ ಇವಳ ಗಾರ್ಟರ್ ತೆಗೆದೆ. ಎಷ್ಟೋ ವರ್ಷ ಅದು ನನ್ನ ಟ್ರಕ್ಕಿನ ಕನ್ನಡಿಗೆ ನೇತಾಡುತ್ತಿತ್ತು. ಈಗ ಮೂರು ಮಕ್ಕಳು’ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಕೆ ಕಾಫಿ ಕಪ್ಪಿನ ಪ್ಲಾಸ್ಟಿಕ್ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಮತ್ತೆ ಅಲ್ಲಿ ಒತ್ತುತ್ತಿದ್ದರು. ಮುಖದಲ್ಲಿ ನಗು ಇತ್ತು.

ಅಷ್ಟೇ ನಡೆದದ್ದು. ಆದರೆ ಆವತ್ತಿನಿಂದ ಪಾತ್ರೆ ತೊಳೆಯುವಾಗ ಆ ಮುಚ್ಚಳ, ಕಾರು ಓಡಿಸುವಾಗ ಆ ಮುಚ್ಚಳ. ಆಕೆಗೆ ನಿಜವಾಗಿಯೂ ಅದು ಒಳ್ಳೆಯ ನೆನಪೇ ಇರಬಹುದು. ಹಾಗೇ ಇರಲಿ. ಆದರೆ ಲೈಬ್ರರಿಯಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರೂ ಆಕೆಯ ಕಡೆ ತಿರುಗಿ ‘ನಿಮಗೆ ಹೇಗಿತ್ತು?’ ಅಂತ ಕೇಳಲಿಲ್ಲ. ನಾನು ಎರಡೇ ಕುರ್ಚಿ ಆಚೆ ಇದ್ದೆ.

ನನ್ನ ಮಾತು ಬಾಯಲ್ಲೇ ಉಳಿಯಿತು. ಆ ಅಳತೆಯ ಮಾತನ್ನು ಕೊನೆಗೆ ಹೇಳಿದ್ದು ಮೊಮ್ಮಗನನ್ನು ಸಾಕುತ್ತಿರುವ ಒಬ್ಬ ಅಜ್ಜಿ. ನನಗಿಂತ ಚೆನ್ನಾಗಿ ಹೇಳಿದರು. ಪ್ರಿನ್ಸಿಪಾಲರು ಎಲ್ಲ ಕಡೆಗೂ ತಲೆಯಾಡಿಸುವ ಜಾತಿ. ‘ಊರಿನ ಸಂಪ್ರದಾಯ, ಮಕ್ಕಳ ಸಂತೋಷ’ ಅಂತೆಲ್ಲ ಹೇಳಿ, ಇಷ್ಟವಿದ್ದ ಜೋಡಿಗಳು ಮೊದಲೇ ಹೆಸರು ಬರೆದುಕೊಡಲಿ, ಉಳಿದವರಿಗೆ ಬಲವಂತವಿಲ್ಲ ಅಂತ ತೀರ್ಮಾನ ಮಾಡಿದರು. ಚಪ್ಪಾಳೆ ಬಿತ್ತು.

ಸಂಪ್ರದಾಯ ಅನ್ನುವ ಮಾತು ಪ್ರಾಮ್ ವಿಷಯದಲ್ಲಿ ಎಷ್ಟು ಹೊರೆ ಹೊತ್ತಿದೆ ನೋಡಿ. ಮಿಸಿಸಿಪ್ಪಿಯ ಚಾರ್ಲ್‌ಸ್ಟನ್ ಎಂಬ ಸಣ್ಣ ಊರಿನಲ್ಲಿ 1970ರಿಂದ ಬಿಳಿಯರು, ಕರಿಯರು ಒಂದೇ ಹೈಸ್ಕೂಲಿನಲ್ಲಿ ಓದುತ್ತಿದ್ದರು. ಪ್ರಾಮ್ ಮಾತ್ರ ಬೇರೆ ಬೇರೆ. ಆ ಕಡೆಯವರೇ ಆದ ನಟ ಮಾರ್ಗನ್ ಫ್ರೀಮನ್ 1997ರಲ್ಲಿ, ಎಲ್ಲರೂ ಒಟ್ಟಿಗೆ ಕುಣಿಯುವುದಾದರೆ ಖರ್ಚು ನನ್ನದು ಅಂದರು. ಊರು ಒಪ್ಪಲಿಲ್ಲ. ಒಪ್ಪಿದ್ದು 2008ರಲ್ಲಿ. ಅದೇ ರಾಜ್ಯದ ಇನ್ನೊಂದು ಶಾಲೆಯಲ್ಲಿ 2010ರಲ್ಲಿ ಒಬ್ಬ ಹುಡುಗಿ ತನ್ನ ಗೆಳತಿಯನ್ನೇ ಜೋಡಿಯಾಗಿ ಕರೆತರುತ್ತೇನೆ ಅಂದಾಗ ಪ್ರಾಮನ್ನೇ ರದ್ದು ಮಾಡಿದರು. ವಿಷಯ ಕೋರ್ಟಿಗೆ ಹೋಯಿತು. ಜಾರ್ಜಿಯಾದ ವಿಲ್ಕಾಕ್ಸ್ ಕೌಂಟಿಯಲ್ಲಿ 2013ರಲ್ಲಿ ನಾಲ್ಕು ಹುಡುಗಿಯರು, ಇಬ್ಬರು ಕರಿಯರು ಇಬ್ಬರು ಬಿಳಿಯರು, ತಾವೇ ದುಡ್ಡು ಎತ್ತಿ ಒಟ್ಟಿಗೆ ಪ್ರಾಮ್ ಮಾಡಿದರು. ಅಲ್ಲೆಲ್ಲ ದೊಡ್ಡವರು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ, ಮೊದಲಿಂದ ಹೀಗೇ ನಡೆದುಬಂದಿದೆ ಅಂತ. ಗಾರ್ಟರನ್ನು ಅದರ ಸಮಕ್ಕೆ ಇಡುತ್ತಿಲ್ಲ. ಆದರೆ ಆ ಊರುಗಳಲ್ಲೂ ಲೈಬ್ರರಿಯಲ್ಲಿ ಸಭೆ ಕೂತಿರಬೇಕು, ಯಾರೋ ಒಬ್ಬರು ಕಪ್ಪಿನ ಮುಚ್ಚಳ ಒತ್ತುತ್ತಾ ಕೂತಿರಬೇಕು.

ಮನೆಗೆ ಬಂದು ಇವರಿಗೆ ಹೇಳಿದೆ. ‘ಅವಳಿಗೆ ಬೇಡ ಅಂದ್ರೆ ಹೆಸರು ಬರೆಯಲ್ಲ. ಮುಗೀತಲ್ಲ?’ ಅಂದರು. ಗಂಡಸರಿಗೆ ಎಲ್ಲವೂ ಬೇಗ ಮುಗಿಯುತ್ತದೆ. ‘ರೀ, ನಮ್ಮ ಉರುಟಣೆ ನೆನಪಿದೆಯಾ?’ ಅಂತ ಕೇಳಿದೆ. ‘ಹೂಂ, ಮಜವಾಗಿತ್ತು’ ಅಂದರು.

ಸಾಗರದ ಕಲ್ಯಾಣ ಮಂಟಪ. ಮದುವೆಯ ಸಂಜೆ. ಎದುರುಬದುರು ಕೂರಿಸಿ ಅರಿಸಿನ, ಗಂಧ ಹಚ್ಚಿಸಿದರು. ಹೆಂಗಸರು ಹಾಡು ಹೇಳಿ ಬೀಗರ ಕಾಲೆಳೆದರು. ಗಂಡನ ಹೆಸರು ಹೇಳಿಸಿದರು. ಅಲ್ಲಿವರೆಗೆ ನನಗೂ ಖುಷಿಯೇ. ಆಮೇಲೆ ಇವರು ನನ್ನ ಕಾಲಿಗೆ ಅರಿಸಿನ ಹಚ್ಚುವಾಗ ನಮ್ಮ ಒಬ್ಬ ಅತ್ತೆ ‘ಇನ್ನೂ ಮೇಲೆ, ಇನ್ನೂ ಮೇಲೆ’ ಅಂತ ಶುರುಮಾಡಿದರು. ಇಡೀ ಹಾಲ್ ಕೂಗಿತು. ದೊಡ್ಡಪ್ಪ, ಅಪ್ಪನ ಬ್ಯಾಂಕಿನವರು, ಎಲ್ಲರೂ ಕೂತಿದ್ದರು. ನಾನು ಸೀರೆ ಹಿಡಿದುಕೊಂಡೆ. ‘ಏನೇ, ನಾವೆಲ್ಲ ಕೂತೆದ್ದವರೇ, ನೀನೊಬ್ಬಳು ಹೊಸಬಳಾ?’ ಅಂದರು ಅತ್ತೆ. ಸೀರೆ ಬಿಟ್ಟೆ.

ಆಲ್ಬಮ್ಮಿನಲ್ಲಿ ಆ ಫೋಟೋ ಇದೆ. ಬುಧವಾರ ತೆಗೆದು ನೋಡಿದೆ. ಬಾಯಿ ತುಂಬ ನಗುತ್ತಿದ್ದೇನೆ. ಕೇಸು ಹಾಕಿದರೆ ನನ್ನ ವಿರುದ್ಧ ಅದೇ ಸಾಕ್ಷಿ.

ಇನ್ನೂ ಒಂದು ವಿಷಯ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಚಿಕ್ಕಮ್ಮನ ಮೊಮ್ಮಗಳ ಮದುವೆ ಇತ್ತು. ಉರುಟಣೆಯಲ್ಲಿ ‘ಇನ್ನೂ ಮೇಲೆ’ ಅಂತ ಮೊದಲು ಕೂಗಿದವಳು ನಾನು. ಅತ್ತೆ ಈಗಿಲ್ಲ, ಅವರ ಜಾಗ ಖಾಲಿ ಇತ್ತು ಅಂತ ಕಾಣುತ್ತದೆ.

ಶನಿವಾರ ಗ್ರ್ಯಾಂಡ್ ಮಾರ್ಚ್. ನಮ್ಮ ಕಡೆಯ ಊರುಗಳಲ್ಲಿ ಇದಿಲ್ಲದೆ ಪ್ರಾಮ್ ಇಲ್ಲ. ಜಿಮ್ಮಿನ ಮೆಟ್ಟಿಲ ಮೇಲೆ ಊರಿನವರೆಲ್ಲ ಟಿಕೆಟ್ ಕೊಟ್ಟು ಕೂರುತ್ತಾರೆ, ಒಂದೊಂದೇ ಜೋಡಿಯ ಹೆಸರು ಕೂಗುತ್ತಾರೆ, ಮಕ್ಕಳು ಹೂವಿನ ಕಮಾನಿನ ಕೆಳಗೆ ನಡೆದು ಬರುತ್ತಾರೆ. ನಾನು ಮೂಗು ಮುರಿಯುತ್ತಲೇ ಹೋದೆ. ಮಗಳ ಹೆಸರನ್ನು ಮೈಕಿನವನು ಮೂರು ತುಂಡು ಮಾಡಿದ. ಅವಳ ಜೊತೆ ಕೆಮಿಸ್ಟ್ರಿ ಲ್ಯಾಬಿನ ಗೆಳೆಯ, ಕೋಟು ಒಂದು ಸೈಜ್ ದೊಡ್ಡದು, ಕಿವಿ ಕೆಂಪಗೆ. ಹಸಿರು ಗೌನಿನಲ್ಲಿ ಇವಳು ನಮ್ಮ ಕಡೆ ನೋಡಿ ಕೈ ಬೀಸಿದಾಗ ನನ್ನ ಕಣ್ಣಲ್ಲಿ ನೀರು. ಯಾವುದೋ ಮುದುಕರು ಗುರುತಿಲ್ಲದಿದ್ದರೂ ಎದ್ದು ಚಪ್ಪಾಳೆ ತಟ್ಟಿದರು. ಇದನ್ನು ಯಾರಾದರೂ ನಿಲ್ಲಿಸುತ್ತೇನೆ ಅಂದರೆ ನಾನೇ ಸಭೆಗೆ ಹೋಗಿ ಜಗಳ ಮಾಡುತ್ತೇನೆ, ಬಾಯಿ ಬಂದರೆ.

ನಮ್ಮ ಕನ್ನಡ ಕೂಟದ ಒಬ್ಬರು ಮಾತ್ರ ಮಗಳನ್ನು ಪ್ರಾಮ್‌ಗೇ ಕಳಿಸಲ್ಲ, ನಮ್ಮ ಸಂಸ್ಕೃತಿ ಅಲ್ಲ ಅಂತ ಭಾಷಣ ಮಾಡಿದ್ದರು. ಅವರ ಮಗನನ್ನು ಹೋದ ವರ್ಷ ಲಿಮೋದಲ್ಲಿ ಕಳಿಸಿದ ಫೋಟೋಗಳು ನನ್ನ ಫೋನಿನಲ್ಲಿ ಇನ್ನೂ ಇವೆ.

ಭಾನುವಾರ ಬೆಳಗಿನ ಜಾವ ಐದೂವರೆಗೆ ಅವಳು ವಾಪಸ್ ಬಂದಳು. ಡ್ಯಾನ್ಸ್ ಮುಗಿದ ಮೇಲೆ ಮಕ್ಕಳು ಕುಡಿದು ಗಾಡಿ ಓಡಿಸಬಾರದು ಅಂತ ಶಾಲೆಯವರೇ ರಾತ್ರಿಯಿಡೀ ಜಿಮ್ಮಿನೊಳಗೆ ಆಟ, ಪಿಜ್ಜಾ, ಲಕ್ಕಿಡಿಪ್ ಅಂತ ಕೂಡಿಹಾಕುತ್ತಾರೆ. ಒಳ್ಳೆಯ ಏರ್ಪಾಡು. ಮೊಸರವಲಕ್ಕಿ ಕಲಸಿಕೊಟ್ಟೆ. ಅಂಗಡಿಯ ನೀಲಿ ಪಟ್ಟಿಯನ್ನು ಇವರು ಎಂದೋ ಸೋನಾಮಸೂರಿ ಚೀಲದ ಬಾಯಿಗೆ ಹಾಕಿಟ್ಟಿದ್ದರು. ಅದನ್ನು ನೋಡಿ ನಕ್ಕಳು.

‘ಐದು ಜೋಡಿ ಹೆಸರು ಬರೆದಿತ್ತು’ ಅಂದಳು. ‘ಅದು ಓಕೆ, ಕಾಮಿಡಿ ಥರ ಮಾಡಿದ್ರು. ಒಬ್ಬ ಹಲ್ಲಲ್ಲಿ ಕಚ್ಚಿ ತೆಗೀತೀನಿ ಅಂತ ಹೋಗಿ ಟೀಚರ್ ಹತ್ರ ಬೈಸ್ಕೊಂಡ.’

‘ಆಮೇಲೆ?’

‘ಆಮೇಲೆ ಇನ್ನೊಬ್ಬಳ ಹೆಸರು ಕೂಗೋಕೆ ಶುರು ಮಾಡಿದ್ರು. ಅವಳು ಬರೆದಿರಲಿಲ್ಲ. ಎಲ್ಲರೂ ಕೂಗಿದ್ರು. ಹೋದ್ಲು.’

‘ಅತ್ಲಾ?’

‘ಇಲ್ಲಮ್ಮ, ನಗ್ತಾನೇ ಇದ್ಲು. ಆಮೇಲೆ ತುಂಬಾ ಹೊತ್ತು ಬಾತ್‌ರೂಮಲ್ಲಿದ್ಲು. ನಾನು ಹೊರಗೆ ಕಾಯ್ತಿದ್ದೆ. ಬಂದು, ಚಪ್ಪಲಿ ಕಚ್ತಿತ್ತು ಅಂದ್ಲು.’

ನಾನು ಅವಳ ತಟ್ಟೆಗೆ ಇನ್ನೊಂದಿಷ್ಟು ಮೊಸರು ಹಾಕಿದೆ. ಕೇಳಬೇಕೋ ಬೇಡವೋ ಅಂತ ಸ್ವಲ್ಪ ಹೊತ್ತು ಸುಮ್ಮನಿದ್ದೆ.

‘ನೀನೂ ಕೂಗಿದ್ಯಾ?’

ಅವಳು ಅವಲಕ್ಕಿಯಲ್ಲಿ ಮೆಣಸಿನಕಾಯಿ ಹುಡುಕಿ ಪಕ್ಕಕ್ಕಿಟ್ಟಳು.

‘ಶುರುವಲ್ಲಿ ಎರಡು ಸಲ’ ಅಂದಳು.