ವಯಸ್ಸಿದೆ, ಹೆಸರಿಲ್ಲ

ನಮ್ಮ ಊರಿನ ಗ್ರಂಥಾಲಯದ ಓದುಗರ ಕೂಟಕ್ಕೆ ನಾನು ಹೋಗತೊಡಗಿದ್ದು ಸಾಹಿತ್ಯದ ಮೋಹದಿಂದಲ್ಲ, ಅಲ್ಲಿ ಕೊಡುವ ಪೀಚ್ ಕಾಬ್ಲರ್ ಎಂಬ ಹಣ್ಣಿನ ಸಿಹಿತಿಂಡಿ ತಿನ್ನುವ ಆಸೆಯಿಂದ. ಅಟ್ಲಾಂಟಾದಿಂದ ಮುಕ್ಕಾಲು ಗಂಟೆಯ ದಾರಿ ನಮ್ಮದು. ಹತ್ತು ಹನ್ನೆರಡು ಮಂದಿ ಸೇರುತ್ತಾರೆ, ಹೆಚ್ಚಿನವರು ನಿವೃತ್ತರು. ಅಮೆರಿಕದ ದಕ್ಷಿಣದ ಕಾದಂಬರಿ, ಇಲ್ಲವೇ ಇಲ್ಲಿನ ಯಾವುದಾದರೂ ಕೌಂಟಿಯ, ಅಂದರೆ ಜಿಲ್ಲೆಯ, ಇತಿಹಾಸ: ಇವೆರಡರ ಆಚೆಗೆ ಅವರು ಕಾಲಿಡುವುದಿಲ್ಲ.

ಕಳೆದ ತಿಂಗಳು ‘ಗಾನ್ ವಿತ್ ದ ವಿಂಡ್’ ಸರದಿ. ಮಾರ್ಗರೆಟ್ ಮಿಚೆಲ್ ಅದನ್ನು ಬರೆದದ್ದು ಇದೇ ಅಟ್ಲಾಂಟಾದಲ್ಲಿ. ಇಲ್ಲಿನವರಿಗೆ ಅದು ಪುಸ್ತಕವಲ್ಲ, ಮನೆಯ ಮಾತು. ಒಬ್ಬಾಕೆ ಹದಿಮೂರನೆಯ ವಯಸ್ಸಿನಿಂದ ಪ್ರತಿ ಚಳಿಗಾಲದಲ್ಲೂ ಅದನ್ನು ಓದುತ್ತಾ ಬಂದವರು. ಗುಲಾಮಗಿರಿಯ ವಿಷಯಕ್ಕೆ ಉತ್ತರ ದಕ್ಷಿಣಗಳ ನಡುವೆ ನಡೆದ ಅಂತರ್ಯುದ್ಧ ಮುಗಿದ ಮೇಲಿನ ಅಧ್ಯಾಯಗಳು ತನ್ನ ಅಜ್ಜಿ ಹೇಳಿದ ಹಾಗೆಯೇ ಇವೆ ಎಂದರು. ಒಬ್ಬ ನಿವೃತ್ತ ಎಂಜಿನಿಯರ್, ಅಜ್ಜಿ ಹೇಳಿದ್ದೇ ಸುಳ್ಳಾಗಿದ್ದರೆ ಎಂದು ಕೇಳಿಬಿಟ್ಟರು. ಇನ್ನೊಬ್ಬರು ನಿಜವಾದ ದಕ್ಷಿಣ ಬೇಕಿದ್ದರೆ ಇಲ್ಲಿಯವನೇ ಆದ ಕಾದಂಬರಿಕಾರ ಫಾಕ್ನರ್‌ನನ್ನು ಓದಬೇಕು ಎಂದು ತೀರ್ಪು ಕೊಟ್ಟು, ತಾವು ಮಾತ್ರ ಯಾವುದನ್ನೂ ಕೊನೆ ಮುಟ್ಟಿಸಿಲ್ಲ ಎಂದು ಒಪ್ಪಿಕೊಂಡರು. ಮೂವತ್ತನೆಯ ಪುಟದಲ್ಲೇ ಕೈಚೆಲ್ಲಿದ ನನಗೆ ಎಷ್ಟು ಸಮಾಧಾನವಾಯಿತೆಂದರೆ ಎರಡನೆಯ ಬಾರಿ ಕಾಬ್ಲರ್ ಬಡಿಸಿಕೊಂಡೆ.

ನನ್ನ ಜೊತೆಗೆ ಬಂದಿದ್ದ ಪಕ್ಕದ ಮನೆಯಾಕೆ ಕಪ್ಪು ಜನಾಂಗದವರು, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಅಷ್ಟು ಹೊತ್ತೂ ಸುಮ್ಮನಿದ್ದವರು ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು: “ಮ್ಯಾಮಿಯ ಹೆಸರೇನು?”

ಕಥೆಯುದ್ದಕ್ಕೂ ನಾಯಕಿ ಸ್ಕಾರ್ಲೆಟ್‌ಳನ್ನು ಸಾಕಿ, ಗದರಿ, ಉಡುಪಿನ ದಾರ ಬಿಗಿದ ಕಪ್ಪು ಗುಲಾಮ ಹೆಂಗಸು ಮ್ಯಾಮಿ. ಸಿನಿಮಾದಲ್ಲಿ ಆ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್‌ಗೆ ಆಸ್ಕರ್ ಬಂತು. ಆದರೆ 1939ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಅವಳು ಬರುವಂತಿರಲಿಲ್ಲ, ಬಣ್ಣಭೇದದ ಕಾನೂನು ಅಡ್ಡವಿತ್ತು. ಸಾವಿರ ಪುಟ ಮೀರಿದ ಆ ಕಾದಂಬರಿಯಲ್ಲಿ ಮ್ಯಾಮಿಗೆ ತನ್ನದೇ ಆದ ಹೆಸರಿಲ್ಲ. ಎಲ್ಲರೂ ಪುಸ್ತಕ ತಿರುವಿದರು. ಸಿಗಲಿಲ್ಲ.

ಮನೆಗೆ ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯಾಕೆಯ ಅಜ್ಜಿಯರ ಕೌಂಟಿಯ ಇತಿಹಾಸದ ದಪ್ಪ ಪುಸ್ತಕವಿತ್ತು. ಚರ್ಚುಗಳು, ಗಿರಣಿಗಳು, ನ್ಯಾಯಾಧೀಶರು, 1864ರಲ್ಲಿ ಉತ್ತರದ ಸೇನಾಪತಿ ಶೆರ್ಮನ್‌ನ ಸೈನ್ಯ ಸುಟ್ಟ ಹತ್ತಿಯ ಮೂಟೆಗಳ ಲೆಕ್ಕ ಕೂಡ. “ಚೆನ್ನಾಗಿಯೇ ಬರೆದಿದ್ದಾನೆ,” ಎಂದರು. ಆಮೇಲೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು: “1870ರ ಜನಗಣತಿಯಿಂದ ಈಚೆಗೆ ನಮ್ಮವರ ಹೆಸರುಗಳು ಸಿಗುತ್ತವೆ. ಅದಕ್ಕೆ ಹಿಂದಿನ 1860ರ ಪಟ್ಟಿಯಲ್ಲಿ ಯಜಮಾನನ ಹೆಸರು, ಅದರ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಅಷ್ಟೇ. ನನ್ನ ಮುತ್ತಜ್ಜಿಯ ತಾಯಿಗೆ ವಯಸ್ಸಿದೆ, ಹೆಸರಿಲ್ಲ. ಅವಳು ಇಪ್ಪತ್ತೆರಡು.”

ಏನಾದರೂ ಹೇಳಬೇಕಿತ್ತು, ನಾನು ಜಂಭ ಕೊಚ್ಚಿದೆ. ‘ಗಾನ್ ವಿತ್ ದ ವಿಂಡ್’ ಬಂದ 1936ರಲ್ಲೇ ನಮ್ಮ ಕುವೆಂಪು ‘ಕಾನೂರು ಹೆಗ್ಗಡಿತಿ’ ಪ್ರಕಟಿಸಿದರು, ಅದೂ ದೊಡ್ಡ ಮನೆತನದ ಕಥೆಯೇ, ಆದರೆ ದುಡಿಯುವ ಬೇಲರ ಜಾತಿಯ ಆಳುಗಳಿಗೂ ಅಲ್ಲಿ ಹೆಸರಿದೆ ಎಂದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಜೀತದಾಳು ಗುತ್ತಿಯ ವಿಷಯ ಹೇಳಿದೆ. ಅವನಷ್ಟೇ ಅಲ್ಲ, ಅವನ ನಾಯಿಗೂ ಹೆಸರಿದೆ, ಹುಲಿಯ ಎಂದು.

“ಒಳ್ಳೆಯ ಲೇಖಕ,” ಎಂದರು ಅವರು. “ನಿಮ್ಮ ಮನೆಯಲ್ಲಿ?”

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ಬೆಳಗಾಗುವ ಮೊದಲೇ ಸಗಣಿ ಬಾಚಿ, ಸೊಪ್ಪಿನ ಹೊರೆ ಹೊತ್ತು ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದಳು. ಅವಳಿಗೆ ಕಾಫಿ ಹೊಯ್ಯುತ್ತಿದ್ದುದು ಕೊಟ್ಟಿಗೆಯ ಗೋಡೆಯ ಸಂದಿನಲ್ಲಿಟ್ಟ ತೆಂಗಿನ ಚಿಪ್ಪಿಗೆ, ಮೇಲಿನಿಂದ, ಮುಟ್ಟದ ಹಾಗೆ. ಎಷ್ಟೋ ಸಲ ಹೊಯ್ದವನು ನಾನೇ. ಒಂದು ಹನಿಯೂ ಹೊರಗೆ ಸಿಡಿಸುವುದಿಲ್ಲ ಎಂಬ ಹೆಮ್ಮೆ ಬೇರೆ ಇತ್ತು. ಅವಳನ್ನು ನಾವು ಕರೆಯುತ್ತಿದ್ದುದು ‘ಏ’ ಎಂದು, ಹೇಳುತ್ತಿದ್ದುದು ‘ಕೊಟ್ಟಿಗೆಯವಳು’ ಎಂದು. ಮನೆ ಕಟ್ಟಿ ನೂರು ವರ್ಷವಾದಾಗ ಚಿಕ್ಕಪ್ಪ ಮನೆತನದ ಇತಿಹಾಸವನ್ನು ಅಚ್ಚು ಹಾಕಿಸಿದ್ದರು. ಏಳು ತಲೆಮಾರು, ತೋಟದ ಸರ್ವೆ ನಂಬರುಗಳು, ಕೊಂಡ ಮೊದಲ ಜೀಪಿನ ಫೋಟೋ. ಅಡಕೆ ತೋಟದ ಬಸಿಗಾಲುವೆ ತೋಡಿದವರು ಯಾರೆಂದು ಇಲ್ಲ. ನಾನು ಅದರ ಕರಡು ತಿದ್ದಿದ್ದೆ, ಕಾಗುಣಿತ ಮಾತ್ರ ನೋಡಿದ್ದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ, ಹಿಂದೆ ಕುಕ್ಕರ್ ಕೂಗುತ್ತಿತ್ತು.

“ಅವಳಾ? ದ್ಯಾವಿ ಇರಬೇಕು,” ಎಂದಳು ಅಮ್ಮ. ಆಮೇಲೆ ಸ್ವಲ್ಪ ತಡೆದು, “ಅಲ್ಲ, ದ್ಯಾವಿ ಅವಳ ತಾಯಿ. ಇವಳದು ಏನೋ... ನಿನಗೆ ಈಗ ಯಾಕೆ ಅದೆಲ್ಲ? ಊಟ ಆಯಿತೇ?”

ಆಯಿತು ಎಂದೆ. ಅವಳ ಮಗ ಈಗ ಶಿವಮೊಗ್ಗದಲ್ಲಿ ಆಟೋ ಓಡಿಸುತ್ತಾನಂತೆ, ಅವನ ನಂಬರ್ ಯಾರ ಹತ್ತಿರವಾದರೂ ಸಿಗಬಹುದು ಎಂದಳು ಅಮ್ಮ.